ಮುಂಗಾಲಿಗೆ ನಾಲ್ಕೇ ಬೆರಳು

ಅವರ ಹೆಸರು ಬರೆಯುವುದಿಲ್ಲ. ಆ ಹೆಸರನ್ನು ಒಂದು ಸಲ ಕೆಡಿಸಿದ್ದು ಸಾಕು. ಇಲ್ಲಿನ ನಮ್ಮ ಕನ್ನಡದವರು ಓದಿದರೆ ಯಾರು ಅಂತ ಗೊತ್ತಾಗಿಯೇ ಆಗುತ್ತದೆ. ‘ಓ, ಆ ಹಲ್ಲಿ ಊಟದವರಾ?’ ಅನ್ನುತ್ತಾರೆ. ಹಾಗೆ ಅನ್ನುವವರಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ. ಹೋದ ತಿಂಗಳು ಅವರು ತೀರಿಕೊಂಡರು. ಸಿಯಾಟಲ್ ಹತ್ತಿರದ ರೆಂಟನ್ನಿನ ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸ ಮುಗಿಸಿ ಬಸ್‌ಸ್ಟಾಪಿಗೆ ನಡೆದು ಬರುವಾಗ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲವಂತೆ. ಅರವತ್ತಾಗುವುದಕ್ಕೆ ಇನ್ನೂ ಒಂದೆರಡು ವರ್ಷವಿತ್ತು.

ಮೈಸೂರಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಅಟೆಂಡರ್ ಆಗಿದ್ದವರು. ರೆಂಟನ್ನಿನಲ್ಲಿದ್ದ ತಂಗಿ ಯಾವ ಕಾಲದಲ್ಲೋ ಹಾಕಿದ್ದ ಗ್ರೀನ್ ಕಾರ್ಡ್ ಅರ್ಜಿ, ಎಲ್ಲರೂ ಅದನ್ನು ಮರೆತ ಮೇಲೆ, ಹೆಂಡತಿಯೂ ಕಣ್ಣು ಮುಚ್ಚಿದ ಮೇಲೆ, ಮಂಜೂರಾಗಿ ಬಂತು. ಮಕ್ಕಳಿರಲಿಲ್ಲ. ‘ಅಲ್ಲಿ ಇನ್ಯಾರ ಮುಖ ನೋಡ್ಕೊಂಡಿರ್ಲಿ ಸಾರ್, ಬಂದೇಬಿಟ್ಟೆ’ ಅನ್ನುತ್ತಿದ್ದರು.

ನನಗಿಂತ ಹದಿನೈದು ವರ್ಷ ದೊಡ್ಡವರು, ನನ್ನನ್ನು ಸಾರ್ ಅನ್ನುತ್ತಿದ್ದರು. ಬೇಡ ಅಂತ ಎರಡು ಸಲ ಹೇಳಿದೆ. ಮೂರನೇ ಸಲ ಹೇಳಲಿಲ್ಲ. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು.

ಮೊದಲ ಸಲ ರೆಂಟನ್ನಿನ ಪಕ್ಕದ ನ್ಯೂಕ್ಯಾಸಲ್‌ನ ನಮ್ಮ ಮನೆಗೆ ಬಂದಾಗ ಕೂತ್ಕೊಳಿ ಅಂದರೆ ಕೂರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅಡಿಗೆಮನೆಯ ಶೆಲ್ಫ್ ಮುಂದೆ ನಿಂತರು. ಆಮೇಲೆ ಅಲ್ಲಿದ್ದ ಬಟ್ಟೆ ತಗೊಂಡು ಉಪ್ಪಿನಕಾಯಿ ಜಾಡಿಯನ್ನು ಒರೆಸಿ, ಲೇಬಲ್ ಮುಂದಕ್ಕೆ ಬರುವ ಹಾಗೆ ತಿರುಗಿಸಿ ಇಟ್ಟರು. ಪಕ್ಕದ ಜೀರಿಗೆ ಬಾಟಲಿಗೂ ಅದೇ ಉಪಚಾರ. ನನ್ನ ಹೆಂಡತಿ ನಾಚಿಕೊಂಡು, ‘ಅಯ್ಯೋ, ಬಿಡಿ ಅಂಕಲ್’ ಅಂದಳು. ‘ಅಭ್ಯಾಸ ಬಲ ಮೇಡಂ, ಜಾಡಿ ಕಂಡ್ರೆ ಕೈ ಸುಮ್ನಿರಲ್ಲ’ ಅಂದರು. ಲ್ಯಾಬಿನಲ್ಲಿ ನೂರಾರು ಜಾಡಿಗಳಿದ್ದವಂತೆ. ಹಾವು, ಚೇಳು, ಸಮುದ್ರದ ನಕ್ಷತ್ರಮೀನು, ಎಲ್ಲ ಫಾರ್ಮಲಿನ್ ನೀರಿನಲ್ಲಿ. ವಾರಕ್ಕೊಮ್ಮೆ ಅಷ್ಟನ್ನೂ ಒರೆಸಬೇಕು. ಒರೆಸುತ್ತ ಒರೆಸುತ್ತ ಲೇಬಲ್ಲಿನ ಲ್ಯಾಟಿನ್ ಹೆಸರುಗಳೆಲ್ಲ ಬಾಯಿಗೆ ಬಂದಿದ್ದವು. ಪರೀಕ್ಷೆಯ ದಿನ ಹುಡುಗರನ್ನು ನಿಲ್ಲಿಸಿ ಲೆಕ್ಚರರ್ ಕೇಳುವ ಪ್ರಶ್ನೆಗಳೂ ಉತ್ತರಗಳೂ ಬಾಯಿಪಾಠ. ‘ನಾನು ಬಾಗ್ಲಲ್ಲಿ ನಿಂತು ತುಟಿ ಅಲ್ಲಾಡಿಸ್ತಿದ್ದೆ ಸಾರ್. ನನ್ನಿಂದ ಎಷ್ಟು ಜನ ಪಾಸಾಗಿದಾರೆ ಗೊತ್ತಾ?’ ಅಂತ ಕಣ್ಣು ಹೊಡೆದರು.

ಪ್ರಾಣಿ ಅಂದರೆ ಅವರಿಗೆ ಒಂದು ಬಗೆಯ ಪಶ್ಚಾತ್ತಾಪದ ಪ್ರೀತಿ. ಹುಡುಗರು ಕೊಯ್ದು ಕಲಿಯುವುದಕ್ಕೆ ಕಪ್ಪೆ ಹಿಡಿದು ತರುವುದು ಎಷ್ಟೋ ವರ್ಷ ಅವರದೇ ಕೆಲಸವಾಗಿತ್ತು. ‘ಗೋಣಿಚೀಲದಲ್ಲಿ ತರ್ತಿದ್ದೆ. ದಾರಿ ಉದ್ದಕ್ಕೂ ಬೆನ್ನಿಗೆ ಒದೀತಿರೋವು’ ಅಂದಿದ್ದರು. ಆ ಸಾಲ ತೀರಿಸುವವರಂತೆ ಇಲ್ಲಿ ಮಳೆ ಬಂದ ಬೆಳಿಗ್ಗೆ ಫುಟ್‌ಪಾತಿನ ಮೇಲೆ ತೆವಳುವ ಬೆರಳುದ್ದದ ಗೊಂಡೆಹುಳುಗಳನ್ನು ಎಲೆಯಲ್ಲಿ ಎತ್ತಿ ಹುಲ್ಲಿಗೆ ಬಿಡುತ್ತಿದ್ದರು. ಚಿಪ್ಪಿಲ್ಲದ ಬಸವನಹುಳು ಅವು. ‘ನೋಡಿ ಪಾಪ, ಮನೆ ಮರೆತು ಬಂದ್ಬಿಟ್ಟಿದೆ’ ಅನ್ನುವರು.

ಇನ್ನು ಅಡಿಗೆ. ವಿದ್ಯಾರ್ಥಿಗಳನ್ನು ಸ್ಟಡಿ ಟೂರ್ ಕರೆದುಕೊಂಡು ಹೋದಾಗಲೆಲ್ಲ ಐವತ್ತು ಅರವತ್ತು ಜನಕ್ಕೆ ಬೇಯಿಸಿ ಬೇಯಿಸಿ ಕೈ ಪಳಗಿತ್ತು. ಇಲ್ಲಿಗೆ ಬಂದ ಮೇಲೆ ಶನಿವಾರ ಭಾನುವಾರ ಯಾರದಾದರೂ ಮನೆಯ ಸೀಮಂತ, ನಾಮಕರಣ ಇದ್ದರೆ ಹೋಗಿ ಮಾಡಿಕೊಡುತ್ತಿದ್ದರು. ಅವರ ಬಿಸಿಬೇಳೆಬಾತ್ ತಿಂದವರು ಮನೆಗೆ ಹೋಗಿ ಕೈ ತೊಳೆದ ಮೇಲೂ ಬೆರಳು ಮೂಸಿಕೊಳ್ಳುತ್ತಿದ್ದರು. ನಾನೇ ಮೂಸಿಕೊಂಡಿದ್ದೇನೆ. ಬಡಿಸುವಾಗ ಎಲೆಯನ್ನು ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. ಮೊದಲ ತುತ್ತಿಗೆ ತಿನ್ನುವವರ ಹುಬ್ಬು ಮೇಲೆ ಹೋದರೆ ‘ಹಾಂ’ ಅಂತ ತಮಗೆ ತಾವೇ ಹೇಳಿಕೊಂಡು ಮುಂದಕ್ಕೆ ಹೋಗುವರು.

ಗೋಡೌನಿನಲ್ಲಿ ಹತ್ತು ಗಂಟೆ ನಿಂತು ನಿಂತು ಅವರ ಮಂಡಿ ಹೋಗಿತ್ತು. ಅದನ್ನು ಬಿಟ್ಟು ಅಡಿಗೆಯನ್ನೇ ಹಿಡಿಯಬೇಕು ಅನ್ನುವುದು ಒಂದೇ ಆಸೆ. ನಾನು ಆ ವರ್ಷ ನಮ್ಮ ಕನ್ನಡ ಕೂಟದಲ್ಲಿ ಊಟದ ಉಸ್ತುವಾರಿ. 2014ರ ಯುಗಾದಿ ಊಟಕ್ಕೆ ಅವರನ್ನೇ ಕರೆಯೋಣ ಅಂತ ಕಮಿಟಿಯಲ್ಲಿ ಗಟ್ಟಿಯಾಗಿ ಹೇಳಿ ಒಪ್ಪಿಸಿದವನೂ ನಾನೇ. ಇನ್ನೂರು ಜನ. ಅವರಿಗೆ ಅದು ಮೊದಲನೇ ದೊಡ್ಡ ಅಡಿಗೆ. ಒಂದು ಮದುವೆ ರಿಸೆಪ್ಷನ್ ಮನೆಯವರು, ಎರಡು ಉಪನಯನದ ಮನೆಯವರು ಅವತ್ತು ಊಟ ಮಾಡಿ ನೋಡಿ ಗೊತ್ತುಮಾಡುವುದು ಅಂತ ಮಾತಾಗಿತ್ತು. ‘ಇದೊಂದು ದಾಟಿಬಿಟ್ರೆ ಗೋಡೌನಿಗೆ ನಮಸ್ಕಾರ ಹಾಕ್ತೀನಿ ಸಾರ್’ ಅಂದರು. ಖುಷಿಗೆ ನನ್ನ ಕೈ ಹಿಡಿದುಕೊಂಡರು, ತಕ್ಷಣ ಬಿಟ್ಟರು.

ಬೆಲ್ವ್ಯೂನ ಒಂದು ಚರ್ಚಿನ ಹಾಲ್ ಬಾಡಿಗೆಗೆ ಹಿಡಿದಿದ್ದೆವು. ಅಲ್ಲಿನ ಫ್ರಿಜ್ ಚಿಕ್ಕದು, ಮಜ್ಜಿಗೆ ಪಾತ್ರೆ ಹಿಡಿಯುವುದಿಲ್ಲ ಅಂತ ಹಿಂದಿನ ದಿನ ಗೊತ್ತಾಯಿತು. ‘ನಮ್ಮನೇಲಿ ದೊಡ್ಡ ಐಸ್‌ಬಾಕ್ಸ್ ಇದೆ, ತರ್ತೀನಿ’ ಅಂದೆ. ಆ ಐಸ್‌ಬಾಕ್ಸು ಹಿಂದಿನ ಬೇಸಿಗೆಯಲ್ಲಿ ಕ್ಯಾಂಪಿಂಗ್ ಹೋಗಿ ಬಂದಾಗಿನಿಂದ ಹಿತ್ತಿಲಲ್ಲಿ, ಮರದ ಜಗಲಿಯಂಥ ಡೆಕ್ ಕೆಳಗೆ, ಸೌದೆ ರಾಶಿಗೆ ಒತ್ತಿಕೊಂಡು ಬಿದ್ದಿತ್ತು. ನೀರು ಹೋಗುವ ತೂತಿನ ಬಿರಡೆ ಎಲ್ಲೋ ಕಳೆದುಹೋಗಿತ್ತು. ಪಕ್ಕಕ್ಕೆಲ್ಲ ಪಾಚಿ. ‘ರೀ, ಒಳಗೆಲ್ಲ ಬಿಸಿನೀರು ಹಾಕಿ ತೊಳೀರಿ’ ಅಂತ ಹೆಂಡತಿ ಹೇಳಿದಳು. ಹೂಂ ಅಂದೆ. ಬೆಳಿಗ್ಗೆ ತಡವಾಗಿತ್ತು. ಹೊರಗಡೆ ಬಟ್ಟೆಯಲ್ಲಿ ಒರೆಸಿ, ಐಸಿನ ಚೀಲಗಳನ್ನು ಸುರಿದು, ಕಾರಿಗೆ ಹಾಕಿದೆ. ತೊಳೆಯಲಿಲ್ಲ. ಈ ಕಥೆಯಲ್ಲಿ ಆದ ತಪ್ಪು ಇಷ್ಟೇ, ಇಷ್ಟು ಚಿಕ್ಕದು. ಮಿಕ್ಕಿದ್ದು ನಾನು ಅದರ ಮೇಲೆ ಕಟ್ಟಿದ್ದು.

ಊಟ ಅರ್ಧ ಆಗಿತ್ತು. ಮಜ್ಜಿಗೆ ಮತ್ತೆ ತುಂಬಿಸಿಕೊಳ್ಳಲು ಬಡಿಸುವ ಹೆಂಗಸೊಬ್ಬರು ಐಸ್‌ಬಾಕ್ಸಿನ ಬಾಗಿಲು ಎತ್ತಿದರು. ಪಾತ್ರೆಯ ಮುಚ್ಚಳದ ಮೇಲೆ ಕಂದು ಬಣ್ಣದ್ದೊಂದು ಕಾಲು ಚಾಚಿಕೊಂಡು ಮಲಗಿತ್ತು.

‘ಹಲ್ಲಿ! ಅಯ್ಯಯ್ಯೋ, ಮಜ್ಜಿಗೇಲಿ ಹಲ್ಲಿ!’

ಹಲ್ಲಿ ಬಿದ್ದ ಅಡಿಗೆ ಅಂದರೆ ನಮ್ಮ ಜನಕ್ಕೆ ಏನು ಅಂತ ನಿಮಗೆ ಹೇಳಬೇಕಿಲ್ಲ. ಸಿಯಾಟಲ್ ಸುತ್ತಮುತ್ತ ಮನೆಯೊಳಗೆ ಹಲ್ಲಿ ನೋಡಿದವರು ಒಬ್ಬರೂ ಇರಲಿಲ್ಲ, ಈ ಊರಲ್ಲಿ ಅದು ಎಲ್ಲಿಂದ ಬಂತು ಅಂತ ಒಬ್ಬರೂ ಕೇಳಲಿಲ್ಲ. ಎರಡೆರಡು ಡಿಗ್ರಿ ಮಾಡಿದವರೆಲ್ಲ ಪ್ಲೇಟು ಕೆಳಗಿಟ್ಟು ಎದ್ದರು. ಒಬ್ಬರು ರೆಸ್ಟ್‌ರೂಮಿಗೆ ಓಡಿ ಗಂಟಲಿಗೆ ಬೆರಳು ಹಾಕಿಕೊಂಡರು. ಯಾವುದೋ ಛತ್ರದಲ್ಲಿ ಹೀಗೇ ಆಗಿ ಎಷ್ಟು ಜನ ಆಸ್ಪತ್ರೆ ಸೇರಿದರು ಅಂತ ಇನ್ನೊಬ್ಬರು ಶುರುಮಾಡಿದರು. ಇದ್ದಕ್ಕಿದ್ದ ಹಾಗೆ ಎಲ್ಲರ ಹೊಟ್ಟೆಯಲ್ಲೂ ಏನೋ ಆಗತೊಡಗಿತು.

ಅವರು ಒಲೆ ಹತ್ತಿರದಿಂದ ಬಂದರು. ಬಗ್ಗಿ ನೋಡಿದರು. ಸಿಂಕಿಗೆ ಹೋಗಿ ಎರಡೂ ಕೈಯನ್ನು ತಣ್ಣೀರಿನಲ್ಲಿ ನೆನೆಸಿಕೊಂಡು, ಒರೆಸಿಕೊಳ್ಳದೆ ವಾಪಸ್ ಬಂದು, ಅದನ್ನು ಬೊಗಸೆಯಲ್ಲಿ ಎತ್ತಿಕೊಂಡರು. ‘ಒಣಗೈಲಿ ಮುಟ್ಟಬಾರ್ದು ಸಾರ್, ಅದು ಚರ್ಮದಲ್ಲೇ ಉಸಿರಾಡೋದು’ ಅಂದರು. ಅದರ ಬಾಲ ಸ್ವಲ್ಪ ಅಲ್ಲಾಡಿತು. ಆಗ ಅವರ ಮುಖ ನೋಡಬೇಕಿತ್ತು. ಸುತ್ತ ಇನ್ನೂರು ಜನ ಕೆಂಡ ಕಾರುತ್ತಿದ್ದರೆ ಇವರು ಹಬ್ಬ ಬಂದವರ ಹಾಗೆ ಅರಳಿಬಿಟ್ಟರು.

‘ಜೀವ ಇದೆ! ಸಾರ್, ಜೀವ ಇದೆ! ಇದು ಹಲ್ಲಿ ಅಲ್ಲ. ಸಾಲಮಾಂಡರ್! ನಮ್ಮ ಲ್ಯಾಬಲ್ಲಿ ಬಾಗ್ಲು ಪಕ್ಕ ಮೂರನೇ ಜಾಡಿ. ಇಪ್ಪತ್ತೆರಡು ವರ್ಷ ಗಾಜು ಒರೆಸಿದೀನಿ, ಜೀವಂತ ನೋಡಿದ್ದು ಇವತ್ತೇ!’

ಪರೀಕ್ಷೆಯ ಮೇಷ್ಟರು ಕೇಳಿದಂತೆ ಹೇಳತೊಡಗಿದರು. ‘ಉಗುರಿದೆಯಾ ನೋಡಿ? ಇಲ್ಲ. ಹಲ್ಲಿಗೆ ಉಗುರಿರತ್ತೆ. ಮೈಮೇಲೆ ಹುರುಪೆ ಇದೆಯಾ? ಇಲ್ಲ, ನುಣ್ಣಗೆ ಒದ್ದೆ. ಮುಂಗಾಲಿಗೆ ಎಷ್ಟು ಬೆರಳು? ನಾಲ್ಕೇ. ಹಲ್ಲಿಗೆ ಐದು. ಇದು ಕಪ್ಪೆ ಕುಲದ್ದು ಸಾರ್. ಪಾತ್ರೆ ಒಳಗೂ ಹೋಗಿಲ್ಲ, ಮುಚ್ಚಳ ಬಿಗಿಯಾಗೇ ಇದೆ, ನೋಡಿ.’

‘ನೀವೇನು ಲೆಕ್ಚರರ್ ಆಗಿದ್ರಾ?’ ಅಂತ ಕೂಟದ ಅಧ್ಯಕ್ಷರು ಕೇಳಿದರು.

‘ಇಲ್ಲ ಸಾರ್. ಅಟೆಂಡರ್.’

ಯಾರೋ ಕಿಸಕ್ಕೆಂದರು. ಆಮೇಲೆ ನಾಲ್ಕೈದು ಜನ ನಕ್ಕರು. ನಾನೂ ನಕ್ಕೆ. ಅವರು ನನ್ನ ಕಡೆಗೇ ನೋಡುತ್ತಿದ್ದರು, ನಾನು ನಕ್ಕಿದ್ದು ಅವರಿಗೆ ಕಂಡಿತು.

‘ಹಲ್ಲಿಯೋ ಪಲ್ಲಿಯೋ, ಊಟದ ಹತ್ರ ಹೆಂಗ್ರೀ ಬಂತು? ಈ ಬಾಕ್ಸ್ ಎಲ್ಲಿತ್ತು?’ ಅಂದರು ಅಧ್ಯಕ್ಷರು.

ಎಲ್ಲರೂ ನನ್ನ ಕಡೆ ತಿರುಗಿದರು. ಹೇಳುವುದಕ್ಕೆ ಒಂದು ಮಾತು ಸಾಕಿತ್ತು: ನಮ್ಮ ಹಿತ್ತಿಲಲ್ಲಿತ್ತು, ತೊಳೆಯಲಿಲ್ಲ, ಕ್ಷಮಿಸಿ. ಜನ ಎರಡು ದಿನ ಬೈದು ಮರೆತುಬಿಡುತ್ತಿದ್ದರು. ನಾನು ಹೇಳಿದ್ದು ಬೇರೆ. ‘ಬಾಕ್ಸ್ ಹೊಸದು, ಗ್ಯಾರೇಜ್ ಒಳಗೇ ಇತ್ತು. ಕೊತ್ತಂಬರಿ ಸೊಪ್ಪಿನ ಜೊತೆ ಬಂದಿರ್ಬೇಕು. ಸೊಪ್ಪನ್ನ ಸರಿಯಾಗಿ ಬಿಡಿಸಿ ತೊಳೀಬೇಕಿತ್ತು ಇವರು.’

ಇವರು. ಹಾಗಂದೆ, ಬೆರಳೂ ತೋರಿಸಿದೆ.

ಅವರು ಖಾಲಿಯಾಗಿದ್ದ ಮೊಸರಿನ ಡಬ್ಬಿಯೊಂದಕ್ಕೆ ಒದ್ದೆ ಟಿಶ್ಯೂ ಹಾಸಿ ಅದನ್ನು ಬಿಟ್ಟರು. ಆಮೇಲೆ ಐಸ್‌ಬಾಕ್ಸಿನ ಮುಂದೆ ಮಂಡಿ ನೋವಿನಲ್ಲೇ ಕುಕ್ಕರಗಾಲಲ್ಲಿ ಕೂತರು. ನೀರಿನ ತೂತಿನ ಬಾಯಲ್ಲಿ ಪಾಚಿಯೂ ಪೈನ್ ಮರದ ಸೂಜಿಯಂಥ ಎಲೆಗಳೂ ಮೆತ್ತಿಕೊಂಡಿದ್ದವು. ಒಂದು ಸಲ ನನ್ನ ಮುಖ ನೋಡಿದರು. ಹೆಬ್ಬೆರಳಿನಿಂದ ಆ ಕೊಳೆಯನ್ನು ಒರೆಸಿ ತೆಗೆದು ತಮ್ಮ ಏಪ್ರನ್ನಿಗೆ ಬಳಿದುಕೊಂಡು ಎದ್ದರು. ಬೇರೆ ಯಾರೂ ಅದನ್ನು ನೋಡಲಿಲ್ಲ.

ಅಷ್ಟು ಅಡಿಗೆಯನ್ನೂ ಕಪ್ಪು ಚೀಲಗಳಿಗೆ ಸುರಿದೆವು. ಪಾಯಸ, ಮಾವಿನಕಾಯಿ ಚಿತ್ರಾನ್ನ, ಎರಡು ಹಂಡೆ ಬಿಸಿಬೇಳೆಬಾತ್. ಚೀಲದ ಬಾಯಿ ಹಿಡಿದುಕೊಂಡು ನಿಂತವರು ಅವರೇ. ಪಿಜ್ಜಾ ತರಿಸಿದೆವು. ಅವತ್ತು ಯಾರಿಗೂ ಏನೂ ಆಗಲಿಲ್ಲ, ಮಜ್ಜಿಗೆ ಎರಡು ಲೋಟ ಕುಡಿದವರಿಗೂ ಆಗಲಿಲ್ಲ.

ಮಾರನೇ ದಿನ ಭಾನುವಾರ ಬೆಳಿಗ್ಗೆ ಎರಡು ಬಸ್ ಬದಲಾಯಿಸಿ, ಬೆಟ್ಟ ಹತ್ತಿಕೊಂಡು, ನ್ಯೂಕ್ಯಾಸಲ್‌ನ ನಮ್ಮ ಮನೆಗೆ ಬಂದರು. ಕೈಯಲ್ಲಿ ಅದೇ ಮೊಸರಿನ ಡಬ್ಬಿ, ಮುಚ್ಚಳಕ್ಕೆ ಸೂಜಿಯಿಂದ ಚುಚ್ಚಿದ ತೂತುಗಳು.

‘ಹೆಸ್ರು ಪೂರ್ತಿ ಗೊತ್ತಾಗ್ಬೇಕು ಸಾರ್. ಜಾಡೀಲಿದ್ದದ್ದು ಇದಲ್ಲ, ಅದಕ್ಕೆ ಹಳದಿ ಮಚ್ಚೆ ಇತ್ತು. ಇದು ಈ ಕಡೇದು. ನಿಮ್ಮ ಹತ್ರ ಪುಸ್ತಕ ಇರ್ಬೋದು ಅಂತ ಬಂದೆ.’

ಲೈಬ್ರರಿಯಿಂದ ತಂದ, ಈ ಕಡೆಯ ಪ್ರಾಣಿಗಳ ಚಿತ್ರದ ಪುಸ್ತಕವೊಂದು ಮನೆಯಲ್ಲಿತ್ತು. ಅಡಿಗೆಮನೆಯ ಮೇಜಿನ ಮೇಲೆ ಅದನ್ನು ಹರಡಿಕೊಂಡು ನಾವಿಬ್ಬರೂ ಒಂದು ಗಂಟೆ ಕೂತೆವು. ಹೌದು, ಅವತ್ತು ಅವರು ಕೂತರು. ಮೊದಲು ಹೊಟ್ಟೆ ನೋಡಿದರು. ಕಿತ್ತಳೆ ಹೊಟ್ಟೆ, ಒರಟು ಚರ್ಮ ಇದ್ದರೆ ಅದು ನ್ಯೂಟ್, ಅದಕ್ಕೆ ನಿಜವಾದ ವಿಷ ಅಂತ ಪುಸ್ತಕದಲ್ಲಿತ್ತು. ಇದರದು ಮಾಸಲು ಬಿಳಿ ಹೊಟ್ಟೆ, ನುಣುಪು ಚರ್ಮ. ಬೆನ್ನ ಮೇಲೆ ಪಟ್ಟೆ ಇದ್ದರೆ ಇನ್ನೊಂದು ಜಾತಿ. ಪಟ್ಟೆಯಿಲ್ಲ. ಕಣ್ಣು ದಪ್ಪ, ಕಪ್ಪು. ಕಾಲು ಮೈಗೆ ಸೇರುವಲ್ಲಿ ಕಿತ್ತಳೆ ಛಾಯೆ. ಕೊನೆಗೆ ಅವರು ಬಾಲದ ಬುಡಕ್ಕೆ ಬೆರಳು ತೋರಿಸಿದರು. ಜಡೆಗೆ ಟೇಪು ಬಿಗಿದ ಹಾಗೆ ಅಲ್ಲಿ ಸಣ್ಣಗಾಗಿ ಮುಂದೆ ದಪ್ಪಗಾಗಿತ್ತು. ಪುಟ ತಿರುಗಿಸಿದರೆ ಅದೇ ಬಾಲ, ಅದೇ ಬಿಗಿತ. ಎನ್ಸಟೀನ. ಮನುಷ್ಯರಿಗೆ ಅಪಾಯವಿಲ್ಲ. ಕೊಳೆತ ಮರ, ಸೌದೆ ರಾಶಿಯ ಅಡಿಯಲ್ಲಿ ವಾಸ.

ಕೊನೆಯ ಸಾಲನ್ನು ನಾನೇ ಓದಿ ಹೇಳಿದೆ.  ಒಲೆ ಹತ್ತಿರ ನಿಂತಿದ್ದ ನನ್ನ ಹೆಂಡತಿ ತಿರುಗಿ ನೋಡಿದಳು.

ಅವರು ಮಾತ್ರ ‘ಎನ್ಸಟೀನ, ಎನ್ಸಟೀನ’ ಅಂತ ಎರಡು ಸಲ ಹೇಳಿ ಬಾಯಿಪಾಠ ಮಾಡಿಕೊಂಡರು. ‘ನಿಮ್ಮ ಡೆಕ್ ಕೆಳಗೆ ಸೌದೆ ಇದೆಯಲ್ಲ ಸಾರ್, ಅಲ್ಲೇ ಬಿಡೋಣ. ಎಲ್ಲಿಂದ ಬಂತೋ ಅಲ್ಲೇ ಬಿಡ್ಬೇಕು’ ಅಂದರು. ಚುಚ್ಚುವ ದನಿಯಲ್ಲ. ಬಸ್ ಎಷ್ಟು ಹೊತ್ತಿಗೆ ಅಂತ ಕೇಳುವ ದನಿ. ಹಿತ್ತಿಲಿಗೆ ಹೋದರು. ಐಸ್‌ಬಾಕ್ಸ್ ಇದ್ದ ಜಾಗದಲ್ಲಿ ನೆಲ ಇನ್ನೂ ಚೌಕಾಕಾರವಾಗಿ ಬೋಳಾಗಿತ್ತು, ಅದರ ಪಕ್ಕವೇ ಡಬ್ಬಿಯನ್ನು ವಾಲಿಸಿದರು. ಅದು ನಿಧಾನವಾಗಿ ಕಾಲೆತ್ತಿಟ್ಟು ಸೌದೆಯ ಸಂದಿಗೆ ಹೋಯಿತು. ‘ಹೋಗಪ್ಪ, ಮನೆಗೆ ಹೋಗು’ ಅಂದರು.

ಹೊರಡುವಾಗ ಬಾಗಿಲಲ್ಲಿ ನಿಂತು ಒಂದೇ ಒಂದು ಉಪಕಾರ ಕೇಳಿದರು. ಕೂಟದ ಸುದ್ದಿಯೆಲ್ಲ ಆಗ ಈಮೇಲ್ ಗುಂಪಿನಲ್ಲಿ ಓಡಾಡುತ್ತಿತ್ತು, ಅವರು ಅದರಲ್ಲಿರಲಿಲ್ಲ. ‘ಒಂದು ಮೇಲ್ ಹಾಕ್ತೀರಾ ಸಾರ್? ಹಲ್ಲಿ ಅಲ್ಲ ಅಂತ. ನಾನು ಹೇಳಿದ್ರೆ ನಗ್ತಾರೆ. ನೀವು ಹೇಳಿದ್ರೆ ಕೇಳ್ತಾರೆ. ಆ ಉಪನಯನದೋರು, ಮದ್ವೆಯೋರು ಓದಿದ್ರೆ ಸಾಕು.’

‘ಇವತ್ತೇ ಹಾಕ್ತೀನಿ’ ಅಂದೆ.

ಬರೆದೆ ಕೂಡ. ನಾಲ್ಕು ಸಾಲು: ಅದು ಹಲ್ಲಿಯಲ್ಲ, ಎನ್ಸಟೀನ ಎಂಬ ಸಾಲಮಾಂಡರ್. ಅದರಿಂದ ಅಪಾಯವಿಲ್ಲ. ಅದು ಅಡಿಗೆಗೆ ಬಿದ್ದಿರಲಿಲ್ಲ. ಅಡಿಗೆಯವರದೇನೂ ತಪ್ಪಿಲ್ಲ. ಕಳಿಸುವ ಬಟನ್ ಮೇಲೆ ಬೆರಳಿಟ್ಟು ನಿಂತೆ. ಸೌದೆಯ ಅಡಿಯ ಪ್ರಾಣಿ ಐಸ್‌ಬಾಕ್ಸಿಗೆ ಹೇಗೆ ಬಂತು ಅಂತ ಯಾರಾದರೂ ಕೇಳಿದರೆ? ಮುಂದಿನ ತಿಂಗಳು ಕೂಟದ ಚುನಾವಣೆ, ನಾನು ಕಾರ್ಯದರ್ಶಿ ಸ್ಥಾನಕ್ಕೆ ನಿಂತಿದ್ದೆ. ಇದನ್ನು ಈಗ ಬರೆಯುವುದಕ್ಕೆ ಅಸಹ್ಯವಾಗುತ್ತದೆ. ವರ್ಷಕ್ಕೆ ನಾಲ್ಕು ಕಾರ್ಯಕ್ರಮ ಮಾಡುವ ಕೂಟದ ಕಾರ್ಯದರ್ಶಿ! ‘ಹೇಳಿಬಿಡಿ ರೀ, ಅದರಲ್ಲೇನಿದೆ’ ಅಂದಳು ಹೆಂಡತಿ. ನಾಳೆ ಅಂದೆ.

ಎರಡು ವಾರ ಬಿಟ್ಟು ಅವರ ಫೋನು. ‘ಸಾರ್, ಮೇಲ್ ಹಾಕಿದ್ರಾ?’

‘ಹಾಕಿದೆ.’ ಎಷ್ಟು ಸಲೀಸಾಗಿ ಬಂತು ನೋಡಿ.

‘ಯಾರಾದ್ರೂ ಏನಾದ್ರೂ ಅಂದ್ರಾ?’

‘ಇನ್ನೂ ಯಾರೂ ಏನೂ ಹೇಳಿಲ್ಲ.’

‘ಆಗ್ಲಿ ಸಾರ್. ನೀವು ಹಾಕಿದ್ರಲ್ಲ, ಅದೇ ದೊಡ್ಡದು’ ಅಂದರು.

ಮದುವೆಯವರು ಬೇರೆಯವರನ್ನು ಗೊತ್ತುಮಾಡಿಕೊಂಡರು. ಉಪನಯನದವರೂ ಅಷ್ಟೇ. ನಾನು ಕಾರ್ಯದರ್ಶಿಯಾದೆ. ಆಮೇಲಿನ ವರ್ಷಗಳಲ್ಲಿ ಅವರನ್ನು ಅಂಗಡಿಯಲ್ಲೋ ಬಸ್‌ಸ್ಟಾಪಿನಲ್ಲೋ ಮೂರು ನಾಲ್ಕು ಸಲ ನೋಡಿದ್ದೇನೆ. ಪ್ರತಿಸಲವೂ ‘ನಿಮ್ಮನೆ ಬಾಡಿಗೆದಾರ ಹೇಗಿದಾನೆ ಸಾರ್?’ ಅಂತ ನಗುತ್ತ ಕೇಳುವರು. ಆರಾಮಾಗಿದಾನೆ ಅನ್ನುತ್ತಿದ್ದೆ. ಸೌದೆ ಎತ್ತಿ ನೋಡುವ ಧೈರ್ಯ ನನಗೆ ಒಂದು ದಿನವೂ ಬರಲಿಲ್ಲ.

ಅವರು ಹೋದ ಸುದ್ದಿ ಬಂದ ಮೇಲೆ ರೆಂಟನ್ನಿಗೆ ಮಾತಾಡಿಸಲು ಹೋದೆ. ಇನ್ನೇನಲ್ಲದಿದ್ದರೂ ತಂಗಿಗಾದರೂ ನಿಜ ಹೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಆಕೆ ಕಾಫಿ ಲೋಟ ಕೈಗಿಟ್ಟು, ‘ನೀವು ಬಂದಿದ್ದು ಒಳ್ಳೇದಾಯ್ತು. ಅಣ್ಣ ನಿಮ್ಮನ್ನ ಯಾವಾಗ್ಲೂ ನೆನೆಸ್ಕೋತಿದ್ದ. ಅಷ್ಟು ಜನದಲ್ಲಿ ಸಾರ್ ಒಬ್ರೇ ಕಣೇ ನನ್ನ ಪರವಾಗಿ ಬರೆದಿದ್ದು ಅಂತಿದ್ದ’ ಅಂದರು.

ನಾನು ಲೋಟ ನೋಡುತ್ತ ಕೂತೆ.

‘ಅದಾದ್ಮೇಲೆ ಅಡಿಗೇನೇ ಬಿಟ್ಬಿಟ್ಟ’ ಅಂದರು ಆಕೆ. ‘ಮನೇಲೂ ಸೌಟು ಮುಟ್ಟಲಿಲ್ಲ. ಯಾಕಣ್ಣ, ಆ ಹಲ್ಲಿ ಗಲಾಟೆ ಮರ್ತುಬಿಡು ಅಂದ್ರೆ, ಹಲ್ಲಿಗಲ್ಲ ಕಣೇ ಅಂತಿದ್ದ. ಸಾರ್ ಎಲ್ರಿಗೂ ನಿಜ ತಿಳಿಸಿ ಮೇಲ್ ಹಾಕಿದಾರೆ. ಗೊತ್ತಾದ್ಮೇಲೂ ಒಬ್ರೂ ಕರೀಲಿಲ್ಲ ಅಂದ್ರೆ ಏನರ್ಥ? ನನ್ನ ಅಡಿಗೆ ಚೆನ್ನಾಗೇ ಇರ್ಲಿಲ್ಲ. ಪಾಪ, ಅಷ್ಟು ದಿನ ದಾಕ್ಷಿಣ್ಯಕ್ಕೆ ತಿಂತಿದ್ರು ಅಂತ.’

ಕಾಫಿ ಕುಡಿದು ಎದ್ದು ಬಂದೆ. ಜೋಡಿಸಿಕೊಂಡು ಹೋದ ಮಾತು ಒಂದೂ ಆಡಲಿಲ್ಲ. ಆ ನಾಲ್ಕು ಸಾಲು ಇವತ್ತಿಗೂ ಕಳಿಸದೆ ಡ್ರಾಫ್ಟಿನಲ್ಲೇ ಇದೆ. ಇದನ್ನು ಮುಗಿಸಿದ ಮೇಲೆ ಕೂಟದವರಿಗೆಲ್ಲ ಕಳಿಸುತ್ತೇನೆ, ಅದಕ್ಕೂ ಮೊದಲು ರೆಂಟನ್ನಿಗೆ ಹೋಗಿ ಆಕೆಯ ಮುಂದೆ ಕೂತು ಓದುತ್ತೇನೆ. ಐಸ್‌ಬಾಕ್ಸ್ ನಮ್ಮ ಹಿತ್ತಿಲಿನದು, ತೊಳೆಯದೆ ತಂದವನು ನಾನು, ತಪ್ಪನ್ನು ಸೊಪ್ಪಿನ ಮೇಲೆ ಹಾಕಿದವನು ನಾನು, ಮೇಲ್ ಹಾಕಿದೆ ಅಂತ ಸುಳ್ಳು ಹೇಳಿದವನೂ ನಾನೇ. ಆ ನಾಲ್ಕು ಸಾಲಿಗೆ ಈಗ ಇಷ್ಟನ್ನೂ ಸೇರಿಸಿದ್ದೇನೆ. ಕೊನೆಗೆ ಇನ್ನೊಂದು ಸಾಲು ಬರೆದಿದ್ದೇನೆ: ಅವರ ಅಡಿಗೆ ತುಂಬ ರುಚಿಯಾಗಿತ್ತು. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದವರು ಒಬ್ಬರೇ.